ಮಾವನವರ ಸ್ಪೀಕರೂ ನನ್ನ ವೈಫೈ ಸುಧಾರಣೆಯೂ

ಆ ದುಂಡು ಚಕ್ರವನ್ನು ಕಂಡುಹಿಡಿದವನು ಯಾರೋ ನನಗೆ ಗೊತ್ತಿಲ್ಲ. ಗೊತ್ತಾದ ದಿನ ಅವನ ಗ್ರಹಚಾರ ಬಿಡಿಸುತ್ತೇನೆ. ನಾನು ಗಾಡಿಯ ಚಕ್ರದ ಮಾತಾಡುತ್ತಿಲ್ಲ. ಅದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ದೊಡ್ಡ ನಮಸ್ಕಾರ. ನಾನು ಹೇಳುತ್ತಿರುವುದು ಹಾಡು ಕೇಳುತ್ತಿರುವಾಗ ಮೊಬೈಲಿನ ಪರದೆಯ ಮೇಲೆ ತಟ್ಟನೆ ಪ್ರತ್ಯಕ್ಷವಾಗಿ, ತನ್ನ ಬಾಲವನ್ನು ತಾನೇ ಹಿಡಿಯಲು ಹೊರಟ ನಾಯಿಮರಿಯಂತೆ ಗರಗರ ಸುತ್ತುತ್ತದಲ್ಲ, ಆ ಚಕ್ರದ ವಿಷಯ. ಗಾಯಕಿ ಉಸಿರು ಬಿಗಿಹಿಡಿದು ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತುತ್ತಿರುತ್ತಾಳೆ. ನಾನೂ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಅವಳ ಹಿಂದೆಯೇ ಹತ್ತುತ್ತಿರುತ್ತೇನೆ. ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಯಾರೋ ಕೆಳಗಿನಿಂದ ಏಣಿ ಎಳೆದುಬಿಡುತ್ತಾರೆ. ನಿಶ್ಶಬ್ದ. ಚಕ್ರ. ಅವಳು ಅಂತರಿಕ್ಷದಲ್ಲಿ ನೇತಾಡುತ್ತಾಳೆ, ನಾನು ಕುರ್ಚಿಯಲ್ಲಿ ನೇತಾಡುತ್ತೇನೆ. ಆ ಘನಘೋರ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ಧ್ವನಿ ಮಾತ್ರ ಯಾವ ಅಡಚಣೆಯೂ ಇಲ್ಲದೆ, ಅತ್ಯುತ್ತಮ ಗುಣಮಟ್ಟದಲ್ಲಿ ಕೇಳಿಬರುತ್ತದೆ: "ರೀ, ಆ ಕಸದ ಚೀಲ ಕೆಳಗಿಟ್ಟು ಬಂದ್ರಾ?"

ಸಿಟ್ಟು ನನ್ನ ಸ್ವಭಾವವಲ್ಲ ಎಂದು ಹೇಳಿದರೆ ನಮ್ಮ ಮನೆಯಲ್ಲಿ ನಗುತ್ತಾರೆ. ಹಾಗೆ ನಗುವುದರಿಂದಲೇ ನನಗೆ ಸಿಟ್ಟು ಬರುತ್ತದೆ.

ನಾನು ಕನ್ನಡಕದ ಅಂಗಡಿಯವನು. ಬೆಳಗಿನಿಂದ ಸಂಜೆಯವರೆಗೆ ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ, ಅವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಹೇರಿ, ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುವುದು ನನ್ನ ಉದ್ಯೋಗ. ಎದುರಿನ ಗೋಡೆಯಲ್ಲಿ ಅಕ್ಷರಗಳ ಫಲಕ. ಮೇಲಿನ ಸಾಲು ಆನೆಯಷ್ಟು, ಕೊನೆಯ ಸಾಲು ಇರುವೆಯಷ್ಟು. ಕೊನೆಯ ಸಾಲು ಓದಲಾರದವರನ್ನು ಕರುಣೆಯಿಂದ ನೋಡುತ್ತೇನೆ. ಆಮೇಲೆ ಅವರಿಗೆ ದುಬಾರಿ ಕನ್ನಡಕ ಮಾರುತ್ತೇನೆ. ನಾನು ಮಾತ್ರ ಕನ್ನಡಕ ಹಾಕುವುದಿಲ್ಲ. ಐವತ್ತು ದಾಟಿದರೂ ನನ್ನದು ಹದ್ದಿನ ಕಣ್ಣು. (ಹದ್ದು ಕೂಡ ಪತ್ರಿಕೆಯನ್ನು ಕೈ ಉದ್ದ ಚಾಚಿ ಓದುತ್ತದೆಯೇ ಎಂದು ನನ್ನ ಮಗಳು ಕೇಳುತ್ತಾಳೆ. ಈಗಿನ ಮಕ್ಕಳಿಗೆ ಮರ್ಯಾದೆ ಎಂಬುದೇ ಇಲ್ಲ.)

ದಿನವಿಡೀ ಕಂಡವರ ಕಣ್ಣಿನ ಸೇವೆ ಮಾಡಿ ಬಂದವನಿಗೆ ಸಂಜೆ ತನ್ನ ಕಿವಿಯ ಸೇವೆ ಬೇಡವೇ? ಅದಕ್ಕಾಗಿ ತಿಂಗಳ ಚಂದಾ ಕಟ್ಟಿ ಹಾಡು ತರಿಸಿಕೊಳ್ಳುತ್ತೇನೆ. ಅದರಲ್ಲೂ ಬಡವರ ದರ್ಜೆಯಲ್ಲ, ದೊಡ್ಡ ದರ್ಜೆ. "ಒಂದು ಹನಿಯೂ ಸೋರದ ಸಂಗೀತ" ಎಂದು ಜಾಹೀರಾತಿನಲ್ಲಿತ್ತು. ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಯನ್ನೂ ತಂದಿದ್ದೇನೆ. ಅದು ವೈಫೈ ಮೂಲಕ ಬರುವ ಹಾಡನ್ನು ಹಿಡಿದು ನನ್ನ ಎರಡು ಪುಟ್ಟ ಸ್ಪೀಕರುಗಳಿಗೆ ಉಣಿಸುತ್ತದೆ. ಸಂಗೀತ ಸೋರಲಿಲ್ಲ, ನಿಜ. ಬಂದರೆ ತಾನೇ ಸೋರುವುದು!

ಇಷ್ಟೇ ಆಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ನಡುವೆ ಮಾವನವರ ಸ್ಪೀಕರು ಬಂತು.

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ರೇಡಿಯೋ ಕೇಂದ್ರದ ಧ್ವನಿಮುದ್ರಣ ಕೋಣೆಯಲ್ಲಿ ಕೂತು ಜೀವಮಾನವಿಡೀ ದೊಡ್ಡ ದೊಡ್ಡವರ ಭಾಷಣಗಳಿಂದ ಕೆಮ್ಮು ಕತ್ತರಿಸಿದವರು. ಮಾತು ಕಡಿಮೆ, ಕಿವಿ ಜಾಸ್ತಿ. ಅವರ ಮನೆಯಲ್ಲಿ ಎದೆಯೆತ್ತರದ ಎರಡು ಮರದ ಸ್ಪೀಕರುಗಳಿವೆ. ಸ್ಪೀಕರುಗಳೆಂದರೆ ತಪ್ಪಾದೀತು, ದ್ವಾರಪಾಲಕರು ಎನ್ನಬೇಕು. ಅವುಗಳಲ್ಲಿ ಪಿಟೀಲು ಕೇಳಿದರೆ ವಾದಕನ ಅಂಗಿಯ ತೋಳು ತಂತಿಗೆ ಸವರಿದ್ದೂ ಕೇಳುತ್ತದೆ. ಮದುವೆಗೆ ಮುಂಚೆ ಮೊದಲ ಸಲ ಆ ಮನೆಗೆ ಹೋದಾಗ ನಾನು ಅವನ್ನೇ ನೋಡುತ್ತ ಕೂತಿದ್ದೆನಂತೆ. "ನನ್ನ ನೋಡೋಕೆ ಬಂದೋರು ಸ್ಪೀಕರ್ ನೋಡ್ಕೊಂಡು ಹೋದ್ರು" ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಸುಳ್ಳಲ್ಲವಾದ್ದರಿಂದ ನಾನು ವಾದಿಸಲು ಹೋಗಿಲ್ಲ.

ಈಗ ಮಾವ ಸಣ್ಣ ಮನೆಗೆ ಹೋಗುತ್ತಿದ್ದಾರೆ. ಅಲ್ಲಿ ಮಾವ ಇದ್ದರೆ ಸ್ಪೀಕರು ಹಿಡಿಯುವುದಿಲ್ಲ, ಸ್ಪೀಕರು ಇದ್ದರೆ ಮಾವ ಹಿಡಿಯುವುದಿಲ್ಲ. ಹಾಗಾದರೆ ನ್ಯಾಯವಾಗಿ ಅವು ಯಾರಿಗೆ ಬರಬೇಕು? ಇರುವ ಒಬ್ಬನೇ ಅಳಿಯನಿಗೆ ತಾನೆ? ಆದರೆ ನ್ಯಾಯದ ದಾರಿಗೆ ಅಡ್ಡ ನಿಂತವರು ನಮ್ಮ ಕೆಳಮನೆಯ ಹಲ್ಲು ಡಾಕ್ಟರು. ನಮ್ಮ ಕಟ್ಟಡದ ಕೆಳಗಡೆ ಮುಂದಿನ ಎರಡು ಕೋಣೆಯಲ್ಲಿ ಅವರ ದವಾಖಾನೆ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಮಾವನಿಗೆ ಹಲ್ಲುಸೆಟ್ಟು ಮಾಡಿಕೊಟ್ಟವರು ಅವರೇ. ಆ ಸೆಟ್ಟಿನ ಅಳತೆ ತೆಗೆಯುತ್ತ ತೆಗೆಯುತ್ತ ಮಾವನ ಮನಸ್ಸಿನ ಅಳತೆಯನ್ನೂ ತೆಗೆದಿದ್ದಾರೆ.

"ಡಾಕ್ಟ್ರು ಕೇಳ್ತಿದ್ದಾರೆ. ಪೇಶೆಂಟುಗಳು ಕಾಯೋ ಕೋಣೆಗೆ ಇಟ್ಕೋತಾರಂತೆ," ಎಂದರು ಮಾವ ಫೋನಿನಲ್ಲಿ.

ನನ್ನ ರಕ್ತ ಕುದಿಯಿತು. "ಹಲ್ಲು ಕೊರೆಯೋ ಸದ್ದು ಮುಚ್ಚೋಕೆ ನಿಮ್ಮ ಸ್ಪೀಕರ್ ಬೇಕಾ ಮಾವ? ಅದಕ್ಕೆ ಒಂದು ತಗಡಿನ ಡಬ್ಬ ಸಾಕು!"

"ಅವರ ಮನೇಲಿ ಹಾಡು ನಿಲ್ಲಲ್ಲ ಕಣಪ್ಪ. ನಿಮ್ಮನೇಲಿ ಹಾಡೋದಕ್ಕಿಂತ ನಿಲ್ಲೋದೇ ಜಾಸ್ತಿ."

"ನಿಲ್ಲದ ಹಾಗೆ ಮಾಡ್ತೀನಿ."

"ಮಾಡು. ಭಾನುವಾರ ಬರ್ತೀನಿ. ನಿನ್ನ ಸಣ್ಣ ಸ್ಪೀಕರಲ್ಲೇ ಕೇಳ್ತೀನಿ. ಒಂದು ಗಂಟೆ ಹಾಡು ತುಂಡಾಗದೆ ಬಂದ್ರೆ ನಿನಗೆ. ತುಂಡಾದ್ರೆ ಡಾಕ್ಟ್ರಿಗೆ."

ಫೋನು ಇಟ್ಟರು. ಮಾವ ಯಾವಾಗಲೂ ಹಾಗೆಯೇ. ಮಾತಿನ ಕೊನೆಯಲ್ಲಿ ಒಂದು "ಸರಿನಪ್ಪ" ಉಳಿದಿದ್ದರೂ ಕತ್ತರಿಸಿ ಎಸೆಯುತ್ತಾರೆ.

ನಾನು ಯುದ್ಧ ಘೋಷಿಸಿದೆ. ಮೊದಲ ಆಕ್ರಮಣ ವೈಫೈ ಪೆಟ್ಟಿಗೆಯ ನೆಲೆಯ ಮೇಲೆ. ಮನೆಮಂದಿಯೆಲ್ಲ ಉಸಿರಾಡುವಷ್ಟೇ ಸಹಜವಾಗಿ ಬಳಸುವ ಆ ಪೆಟ್ಟಿಗೆ ನಮ್ಮಲ್ಲಿ ಎಲ್ಲಿತ್ತು ಗೊತ್ತೇ? ಚಪ್ಪಲಿ ಗೂಡಿನ ಹಿಂದೆ! ಸ್ವರಗಳ ಸಾಮ್ರಾಜ್ಞಿ ನಮ್ಮ ಮನೆಯೊಳಗೆ ಬರಬೇಕಾದರೆ ಮಗಳ ಆಟದ ಬೂಟುಗಳನ್ನು ದಾಟಿ ಬರಬೇಕಿತ್ತು. ನಾನು ಅಳತೆಪಟ್ಟಿ ಹಿಡಿದು ಮನೆಯ ಮಧ್ಯಬಿಂದುವನ್ನು ಕಂಡುಹಿಡಿದೆ. ಅದು ಊಟದ ಮೇಜಿನ ಮೇಲೆ, ದೀಪ ತೂಗುಹಾಕುವ ಕೊಕ್ಕೆಯಲ್ಲಿತ್ತು. ದೀಪ ಬಿಚ್ಚಿ ವೈಫೈ ತೂಗುಹಾಕಿದೆ.

"ರೀ, ಇದೇನ್ರೀ ನೇತಾಡ್ತಿದೆ, ಬಾವಲಿ ಥರ?" ಎಂದಳು ಹೆಂಡತಿ.

"ಮನೆಯ ಮಧ್ಯಬಿಂದು. ಇಲ್ಲಿಂದ ನಾಲ್ಕು ದಿಕ್ಕಿಗೂ ಸಮಾನವಾಗಿ ಅಲೆ ಹೋಗುತ್ತೆ."

"ದೀಪ ಎಲ್ಲಿಗೆ ಹೋಯ್ತು?"

"ಬಿಚ್ಚಿಟ್ಟಿದ್ದೀನಿ."

"ಕತ್ತಲಲ್ಲಿ ಊಟ ಮಾಡ್ಬೇಕಾ?"

"ಹಸಿರು ದೀಪ ಮಿಣುಕ್ತಿದೆಯಲ್ಲ. ಬಾಯಿ ಎಲ್ಲಿದೆ ಅಂತ ಗೊತ್ತಾಗೋಕೆ ಅಷ್ಟು ಬೆಳಕು ಸಾಲ್ದಾ? ಇಷ್ಟು ವರ್ಷದಿಂದ ಅದೇ ಜಾಗದಲ್ಲಿದೆ."

"ನಿಮ್ಮ ಬಾಯಿ ಎಲ್ಲಿದೆ ಅಂತ ಕತ್ತಲಲ್ಲೂ ಗೊತ್ತಾಗುತ್ತೆ ಬಿಡಿ," ಎಂದಳು ಅವಳು.

ಎರಡನೆಯ ಶತ್ರು ಮೈಕ್ರೋವೇವ್. ಅಡುಗೆ ಬಿಸಿಮಾಡುವ ಆ ಯಂತ್ರವೂ ನಮ್ಮ ಹಾಡು ಬರುವ ಅಲೆಯ ಮೇಲೆಯೇ ಸವಾರಿ ಮಾಡುತ್ತದೆಂದು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಮನೆಯೊಳಗೇ ದ್ರೋಹಿ! ತಕ್ಷಣ ತಂತಿ ಕಿತ್ತು, ಅದರ ಬಾಗಿಲಿಗೆ ಅಂಟುಪಟ್ಟಿ ಸುತ್ತಿ, ರಾಜಾಜ್ಞೆ ಹೊರಡಿಸಿದೆ.

"ನಿಮಗೆ ಬಿಸಿ ಊಟ ಬೇಕಾ, ಶುದ್ಧ ಸ್ವರ ಬೇಕಾ?"

"ಬಿಸಿ ಊಟ," ಎಂದರು ತಾಯಿ ಮಗಳು, ಒಂದೇ ಶ್ರುತಿಯಲ್ಲಿ. ಶ್ರುತಿ ಶುದ್ಧವಾಗಿತ್ತು ಎಂಬುದನ್ನು ಒಪ್ಪಲೇಬೇಕು.

ಮೂರನೆಯದು ತಂತಿ. ಗಾಳಿಯನ್ನು ನಂಬಬೇಡಿ, ತಂತಿಯನ್ನು ನಂಬಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಊಟದ ಮೇಜಿನ ಮೇಲಿನ ವೈಫೈಯಿಂದ ಮುಂದಿನ ಕೋಣೆಯ ಹಾಡಿನ ಪೆಟ್ಟಿಗೆಗೆ ಅತ್ಯಂತ ನೇರವಾದ ದಾರಿ ನಮ್ಮ ಬಚ್ಚಲುಮನೆಯ ಮೂಲಕ ಹಾದುಹೋಗುತ್ತದೆ. ಮನೆ ಕಟ್ಟಿದವನ ತಪ್ಪಿಗೆ ನಾನು ಹೊಣೆಯೇ? ತಂತಿ ಬಾಗಿಲ ಸಂದಿಯಲ್ಲಿ ನುಗ್ಗಿದ್ದರಿಂದ ಚಿಲಕ ಕೂರುತ್ತಿರಲಿಲ್ಲ. ಇದಕ್ಕೂ ನಾನು ಪರಿಹಾರ ಕೊಟ್ಟೆ: ಒಳಗಿರುವವರು ಹಾಡುತ್ತಿರಬೇಕು, ಹಾಡು ಕೇಳಿದರೆ ಹೊರಗಿನವರು ಒಳಗೆ ಬರಕೂಡದು. ಮಗಳು ರಸಾಯನಶಾಸ್ತ್ರದ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಹೆಂಡತಿ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಿದ್ದಳು. ನಾನು ಆಲಾಪನೆ ಮಾಡುತ್ತಿದ್ದೆ. ವ್ಯವಸ್ಥೆ ಎರಡು ದಿನ ಸೊಗಸಾಗಿ ನಡೆಯಿತು. ಮೂರನೆಯ ದಿನ ರವಿಕೆಯ ಅಳತೆ ಕೊಡಲು ಬಂದ ಹೆಂಗಸೊಬ್ಬರು ಕೈ ತೊಳೆಯಲೆಂದು ಬಾಗಿಲು ತಳ್ಳಿದಾಗ ನಾನು ಎರಡು ಸ್ವರಗಳ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದೆ.

ಆ ಹೆಂಗಸು ಅಳತೆ ಕೊಡದೆ ಹೋದರು. ಹೆಂಡತಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ನನ್ನ ಕಣ್ಣೆದುರೇ ತಂತಿಯನ್ನು ಕಚಕ್ಕೆಂದು ಕತ್ತರಿಸಿದಳು. ಹಾಡಿನ ಪೆಟ್ಟಿಗೆ ಮತ್ತೆ ಗಾಳಿಯನ್ನೇ ನಂಬಿ ಬದುಕಬೇಕಾಯಿತು. (ತಂತಿ ತಾನೆ, ಹೋಗಲಿ ಎಂದು ನಾನು ಸುಮ್ಮನಾದೆ. ಆ ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು.)

ಹೆಂಡತಿಯ ಕೆಲಸ ಏನೆಂದು ಈಗ ಹೇಳಿಬಿಡಬೇಕು. ಅವಳು ಹೊಲಿಗೆ ಕಲಿಸುತ್ತಾಳೆ. ಹಿಂದಿನ ಕೋಣೆಯಲ್ಲಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಟ್ಟೆ ಹರಡಿಕೊಂಡು ವಿಡಿಯೋದಲ್ಲಿ ಪಾಠ. ಹತ್ತಾರು ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕತ್ತರಿ ಹಿಡಿದು ಇವಳು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾರೆ. (ಜಗತ್ತಿನಲ್ಲಿ ಹಾಗೆ ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ.) ನಮ್ಮ ವೈಫೈಯಲ್ಲಿ ಯಾರಿಗೆ ಮೊದಲು ದಾರಿ, ಯಾರಿಗೆ ಆಮೇಲೆ ಎಂದು ನಿರ್ಧರಿಸುವ ಅಧಿಕಾರ ಮನೆಯ ಯಜಮಾನನಿಗಿದೆ ಎಂಬುದು ಬುಧವಾರ ನನ್ನ ಗಮನಕ್ಕೆ ಬಂತು. ಅಧಿಕಾರ ಎಂಬ ಪದ ಕೇಳಿ ಎಷ್ಟೋ ವರ್ಷವಾಗಿತ್ತು. ಕಣ್ಣಲ್ಲಿ ನೀರು ಬಂತು. ಹಾಡಿನ ಪೆಟ್ಟಿಗೆಗೆ ಸಿಂಹಾಸನ ಕೊಟ್ಟೆ. ಉಳಿದವರೆಲ್ಲ ಅದು ಹೋದ ಮೇಲೆ, ದಾರಿಯಲ್ಲಿ ಜಾಗ ಉಳಿದರೆ ಮಾತ್ರ, ತಲೆ ತಗ್ಗಿಸಿ ಹೋಗತಕ್ಕದ್ದು.

ಅಂದು ಅಂಗಡಿಯಿಂದ ಬಂದು ಕೂತು ಹಾಡು ಹಾಕಿದೆ. ಅಡ್ಡಿಯಿಲ್ಲದೆ ಹರಿಯಿತು. ಕಾಲ ಮೇಲೆ ಕಾಲು ಹಾಕಿದೆ. ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು.

"ಏನ್ರೀ ಮಾಡಿದ್ರಿ ನೀವು?"

"ಯಾಕೆ, ಏನಾಯ್ತು?"

"ಕುತ್ತಿಗೆ ಹತ್ರ ಬಟ್ಟೆ ಮಡಚಿ ಹಿಡ್ಕೊಂಡು, 'ಇಲ್ಲಿ ಕತ್ತರಿ ಹಾಕಿಬಿಟ್ಟೀರಿ, ಜೋಕೆ' ಅಂದೆ. 'ಇಲ್ಲಿ ಕತ್ತರಿ ಹಾಕಿ' ಅನ್ನೋವರೆಗೂ ಎಲ್ಲರಿಗೂ ಕೇಳಿಸ್ತು. ಆಮೇಲೆ ನಾನು ಕಲ್ಲಿನ ಗೊಂಬೆ ಥರ ನಿಂತುಬಿಟ್ಟೆನಂತೆ!"

"ಅವರು ಏನು ಮಾಡಿದ್ರು?"

"ಏನು ಮಾಡ್ತಾರೆ? ಹಾಕಿದ್ರು! ಎಲ್ಲರೂ! ಒಬ್ರಂತೂ ಮಗಳಿಗೆ ಅಂತ ತಂದ ರೇಷ್ಮೆಗೆ ಹಾಕಿದ್ದಾರೆ!"

"ನೋಡು, ಅಂಗಿ ಹಾಳಾದ್ರೆ ಇನ್ನೊಂದು ಹೊಲೀಬಹುದು. ಸ್ವರ ಒಂದು ಸಲ ತುಂಡಾದ್ರೆ..."

ಮಾತು ಮುಗಿಸಲಿಲ್ಲ. ಅವಳ ಮುಖ ನೋಡಿದ ಮೇಲೆ ತುಂಡಾಗಬಹುದಾದದ್ದು ಇನ್ನೂ ಬಹಳ ಇದೆ ಅನ್ನಿಸಿತು. "ಭಾನುವಾರದ ತನಕ ಸಹಿಸ್ಕೋ," ಎಂದೆ. "ಸ್ಪೀಕರು ನಮ್ಮನೆಗೆ ಬರಲಿ. ನಿಮ್ಮಪ್ಪನ ನೆನಪಿಗೆ ತಾನೆ?"

"ನಮ್ಮಪ್ಪ ಇನ್ನೂ ಇದ್ದಾರೆ ರೀ!"

ಮಗಳೂ ದೂರು ತಂದಳು. ಅವಳ ಪಾಠದ ವಿಡಿಯೋದಲ್ಲಿ ಮೇಷ್ಟರು ಒಂದು ಸಮೀಕರಣ ಬರೆಯಲು ಕೈ ಎತ್ತಿದವರು ಊಟದ ಹೊತ್ತಾದರೂ ಇಳಿಸಿರಲಿಲ್ಲವಂತೆ. "ದೊಡ್ಡ ಕೆಲಸಕ್ಕೆ ಎಲ್ಲರೂ ತ್ಯಾಗ ಮಾಡಬೇಕು," ಎಂದು ಗದರಿಸಿದೆ. ಆಶ್ಚರ್ಯವೆಂದರೆ ಮರುದಿನದಿಂದ ಇಬ್ಬರೂ ಗೊಣಗುವುದನ್ನೇ ಬಿಟ್ಟರು. ಹೆಂಡತಿ ನಗುನಗುತ್ತ ಪಾಠ ಹೇಳುತ್ತಿದ್ದಳು, ಮಗಳು ನಗುನಗುತ್ತ ಓದುತ್ತಿದ್ದಳು. ಗಟ್ಟಿಯಾಗಿ ಕೂಗಿದರೆ ಮನೆ ದಾರಿಗೆ ಬರುತ್ತದೆ ಎಂದು ನಾನು ಹೆಮ್ಮೆಪಟ್ಟೆ. ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಇದನ್ನು ಹೇಳಿಯೂಬಿಟ್ಟೆ.

ಆದರೂ ಶುಕ್ರವಾರ, ಶನಿವಾರ ನಡುನಡುವೆ ಚಕ್ರ ಕಾಣಿಸಿಕೊಂಡಿತು. ನಾನು ಕೆಂಡವಾದೆ. ಒಳಹೊಕ್ಕು ನೋಡಿದರೆ ನಮ್ಮ ವೈಫೈಯನ್ನು ಕುಡಿಯುತ್ತಿದ್ದವರು ಯಾರು ಯಾರು! ಬಟ್ಟೆ ಒಗೆಯುವ ಯಂತ್ರ. ಮೇಜಿನ ಸೆಳೆಖಾನೆಯಲ್ಲಿ ಸತ್ತಂತೆ ಬಿದ್ದಿದ್ದ ಹಳೆಯ ಮೊಬೈಲು. ಗೋಡೆಯ ಟಿವಿ. ಕೂತು ತಿನ್ನುವ ಇಷ್ಟು ಜನರನ್ನು ನಾನು ಸಾಕುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಕೊನೆಯ ಅಸ್ತ್ರ ಪ್ರಯೋಗಿಸಿದೆ. ಬಾಗಿಲಿಗೇ ಕಾವಲು! ನನ್ನ ಮೊಬೈಲು ಮತ್ತು ಹಾಡಿನ ಪೆಟ್ಟಿಗೆ, ಇವೆರಡರ ಹೊರತು ಮೂರನೆಯ ಪಿಳ್ಳೆಗೂ ಒಳಗೆ ಪ್ರವೇಶವಿಲ್ಲ.

ಇದಕ್ಕೆ ಹಾಡಿನ ಪೆಟ್ಟಿಗೆಯ ಗುರುತಿನ ಸಂಖ್ಯೆಯನ್ನು ಕಾವಲುಗಾರನಿಗೆ ತಿಳಿಸಬೇಕು. ಪೆಟ್ಟಿಗೆಯನ್ನು ಬೋರಲು ಹಾಕಿದೆ. ತಳದಲ್ಲಿ ಉಗುರಿನಷ್ಟು ಚೀಟಿ. ಕಿಟಕಿಯ ಹತ್ತಿರ ಹಿಡಿದು, ಕೈ ಚಾಚಿ, ಕತ್ತು ಹಿಂದಕ್ಕೆಳೆದು ನೋಡಿದೆ. ಒಂದು ಸಾಲು ಸಂಖ್ಯೆ. ಅದರ ಕೆಳಗೆ ಅಲಂಕಾರಕ್ಕೆಂದು ಎಳೆದ ಒಂದು ತೆಳುವಾದ ಗೆರೆ. ಸಂಖ್ಯೆಯನ್ನು ಎರಡೆರಡು ಸಲ ತಾಳೆನೋಡಿ ದಾಖಲಿಸಿದೆ. ಕೋಟೆ ಮುಚ್ಚಿತು. ಹಾಡು ಹಾಕಿ ನೋಡಬಹುದಿತ್ತು. ಆದರೆ ಹೊತ್ತಾಗಿತ್ತು, ಮಾವನನ್ನು ಕರೆತರಬೇಕಿತ್ತು. ಅಲ್ಲದೆ ಗೆದ್ದ ದೊರೆ ತನ್ನ ಕೋಟೆಯ ಬಾಗಿಲನ್ನು ತಾನೇ ತಳ್ಳಿ ನೋಡುತ್ತ ನಿಲ್ಲುತ್ತಾನೆಯೇ?

ಮಾವನೊಂದಿಗೆ ಮರಳಿದಾಗ ಮನೆ ಗುಡಿಸಿ ಒಪ್ಪವಾಗಿತ್ತು. ತಾಯಿ ಮಗಳು ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

"ಅಪ್ಪ, ನೀವು ತಾತನ ಜೊತೆ ಆರಾಮಾಗಿ ಕೂತ್ಕೊಳ್ಳಿ," ಎಂದಳು ಮಗಳು. "ಹಾಡು ನಾನು ನನ್ನ ಮೊಬೈಲಿಂದ ಹಾಕ್ತೀನಿ. ನೀವೇನೂ ಮುಟ್ಟಬೇಡಿ."

ನನ್ನ ಎದೆ ತುಂಬಿ ಬಂತು. ಮಾವನ ಕಡೆ ತಿರುಗಿ, "ನಾನು ಬೆಳೆಸಿದ ರೀತಿ," ಎಂದೆ. (ಅವಳ ಮೊಬೈಲಿಗೆ ನನ್ನ ಕೋಟೆಯೊಳಗೆ ಪ್ರವೇಶವೇ ಇಲ್ಲವಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಹೆಮ್ಮೆ ಬಂದಾಗ ಬುದ್ಧಿ ಹೊರಗೆ ಹೋಗಿ ನಿಂತಿರುತ್ತದೆ.)

ಮಾವ ಕೂತರು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ತೊಡೆಯ ಮೇಲೆ ಹರಡಿ, ಬಾಯಿಯಿಂದ ಹಲ್ಲುಸೆಟ್ಟನ್ನು ಬಿಡಿಸಿ ಅದರ ಮೇಲಿಟ್ಟರು. ಗಂಭೀರವಾಗಿ ಕೇಳುವಾಗಲೆಲ್ಲ ಅವರು ಹೀಗೆಯೇ. ಬಾಯಲ್ಲಿ ಸೆಟ್ಟು ಇದ್ದರೆ ಅದು ಸಣ್ಣಗೆ ಟಿಕ್ಕೆನ್ನುತ್ತದೆ, ಆ ಟಿಕ್ಕು ಹಾಡಿನೊಳಗೆ ಬೆರೆಯುತ್ತದೆ ಎಂದು ಅವರ ವಾದ. ಹಲ್ಲು ತೆಗೆದರೆ ವಿಚಾರಣೆ ಶುರು. ಹಲ್ಲು ಹಾಕಿಕೊಂಡರೆ ತೀರ್ಪು. ನಡುವೆ ಅವರೊಂದಿಗೆ ಮಾತಾಡಿ ಪ್ರಯೋಜನವಿಲ್ಲ, ಬರುವ ಉತ್ತರವೆಲ್ಲ ಗಾಳಿ.

ಹಾಡು ಶುರುವಾಯಿತು. ಏನು ಹೇಳಲಿ! ಗಾಯಕಿ ಹತ್ತಿದಳು, ಇಳಿದಳು, ಸುತ್ತಿದಳು, ಯಾರೂ ಏಣಿ ಎಳೆಯಲಿಲ್ಲ. ಕೊಳಲು ಬಂತು, ಪಿಟೀಲು ಬಂತು. ಮಾವನ ಕಣ್ಣು ಮುಚ್ಚಿತ್ತು, ಬೆರಳು ಕುರ್ಚಿಯ ತೋಳಿನ ಮೇಲೆ ಆಡುತ್ತಿತ್ತು. ನಾನು ಮಾತ್ರ ಅವರ ತೊಡೆಯ ಮೇಲಿನ ಹಲ್ಲನ್ನೇ ನೋಡುತ್ತಿದ್ದೆ. ಹೆಂಡತಿ ತಣ್ಣಗಿನ ಕಾಫಿ ತಂದಿಟ್ಟು ಹೋದಳು. ಗಂಟೆ ಮುಗಿಯಿತು. ಮಾವ ಕಣ್ಣು ತೆರೆದರು. ಕೈ ಕರವಸ್ತ್ರಕ್ಕೆ ಹೋಯಿತು. ಸೆಟ್ಟು ಬಾಯಿಗೆ ಹೋಯಿತು. ಒಂದು ಸಲ ದವಡೆ ಆಡಿಸಿ ಸರಿಮಾಡಿಕೊಂಡರು.

"ಚೆನ್ನಾಗಿದೆ," ಎಂದರು. "ಸ್ಪೀಕರು ತಗೊಂಡು ಹೋಗು."

ಬುದ್ಧಿಯಿರುವ ಯಾರೇ ಆದರೂ ಇಲ್ಲಿ ಎದ್ದು ಕೈಮುಗಿದು, ಗಾಡಿ ತರಲು ಓಡುತ್ತಿದ್ದರು. ನಾನು ಎದ್ದೆ, ಕೈಮುಗಿಯ ಹೊರಟೆ, ಆದರೆ ಒಂದು ವಾರದ ಸಿಟ್ಟು ಎದೆಯಲ್ಲಿ ಹಾಗೇ ಉಳಿದಿತ್ತು. ಅಷ್ಟನ್ನು ಖರ್ಚುಮಾಡದೆ ಬಿಡುವುದು ಹೇಗೆ?

"ಅಷ್ಟಕ್ಕೇ ಬಿಟ್ಟರೆ ಹೇಗೆ ಮಾವ? ಇದು ಹೇಗೆ ಸಾಧ್ಯವಾಯ್ತು ಅಂತ ಕೇಳಿ. ಇದು ಸ್ಪೀಕರಿನ ಗುಣವಲ್ಲ. ಇದು ದಾರಿಯ ಗುಣ! ಆ ನಿಮ್ಮ ಹಲ್ಲು ಡಾಕ್ಟ್ರಿಗೆ ದಾರಿ ಅಂದ್ರೆ ಏನು ಗೊತ್ತು? ದಾರಿ ಯಾರದೋ ಸಂಗೀತ ಅವರದು. ಹೌದೋ ಅಲ್ವೋ?"

"ರೀ, ಸಾಕು, ಊಟಕ್ಕೆ ಏಳಿ," ಎಂದಳು ಹೆಂಡತಿ, ಅವಸರವಾಗಿ.

"ನೀನು ಸುಮ್ನಿರು. ಮಾವ, ನಿಮ್ಮ ಬಾಯಿಂದ ಬರಲಿ. ದಾರಿ ಯಾರದೋ ಸಂಗೀತ ಅವರದು, ಸ್ಪೀಕರೂ ಅವರಿಗೇ ಸೇರಬೇಕು. ಹೌದು ಅನ್ನಿ."

"ಹೌದಪ್ಪ," ಎಂದರು ಮಾವ. "ಒಪ್ಪಿದೆ."

"ಬರೀ ಒಪ್ಪಿದರೆ ಸಾಲದು. ತೋರಿಸ್ತೀನಿ ನೋಡಿ!"

ಊಟದ ಮೇಜಿನ ಪಕ್ಕದ ಕುರ್ಚಿ ಹತ್ತಿದೆ. ಹಾಡು ಇನ್ನೂ ನಡೆಯುತ್ತಲೇ ಇತ್ತು. "ಈ ಪೆಟ್ಟಿಗೆಯ ಪ್ರಾಣ ತೆಗೆದರೆ ಆ ಹಾಡಿನ ಪ್ರಾಣವೂ ಹೋಗುತ್ತೆ. ಒಂದೇ ಕ್ಷಣ!"

"ಅಪ್ಪ, ಬೇಡಪ್ಪ!" ಮಗಳು ಕಿರುಚಿದಳು.

"ಹೆದರಬೇಡ ಮಗು, ಮತ್ತೆ ಹಾಕ್ತೀನಿ," ಎಂದು ವೈಫೈಯ ತಂತಿಯನ್ನು ಜಗ್ಗಿ ಕಿತ್ತೆ. ಹಸಿರು ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಹಾಡು ನಡೆಯುತ್ತಿತ್ತು.

"ಹಾಡಿನ ಪೆಟ್ಟಿಗೆ ಸ್ವಲ್ಪ ಮುಂಚಿತವಾಗಿ ನುಂಗಿಟ್ಕೊಂಡಿರುತ್ತೆ ಮಾವ," ಎಂದೆ ಕುರ್ಚಿಯ ಮೇಲಿಂದಲೇ. "ಈಗ ನಿಲ್ಲುತ್ತೆ ನೋಡಿ."

ಎಲ್ಲರೂ ನೋಡಿದರು. ಸತ್ತ ಬಾವಲಿಯನ್ನು ಎದೆಗವಚಿಕೊಂಡು ನಾನು ಕುರ್ಚಿಯ ಮೇಲೆ ನಿಂತಿದ್ದೆ. ಗಾಯಕಿ ಯಾವ ಆತಂಕವೂ ಇಲ್ಲದೆ ಚರಣ ಮುಗಿಸಿದಳು, ಪಲ್ಲವಿಗೆ ಬಂದಳು, ನಿಧಾನವಾಗಿ ಹಾಡನ್ನು ಮಂಗಳಕ್ಕೆ ತಂದು ನಿಲ್ಲಿಸಿದಳು. ನಿಶ್ಶಬ್ದ.

"ಹಾಂ!" ಎಂದೆ ಕೈ ಎತ್ತಿ.

ಮುಂದಿನ ಹಾಡು ಶುರುವಾಯಿತು. ಅದರಲ್ಲಿ ಮೃದಂಗ ಬೇರೆ ಇತ್ತು.

"ಇದನ್ನೂ ನುಂಗಿತ್ತಾ?" ಎಂದರು ಮಾವ.

ಮಗಳು ಬೆರಳಿನಿಂದ ನೆಲವನ್ನು ತೋರಿಸಿದಳು. ನೆಲದ ಕೆಳಗೆ ಇರುವುದು ಯಾರ ಮನೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀವು ಬೆಳಿಗ್ಗೆ ಹೋದ ಮೇಲೆ ಹಾಡೇ ಬರಲಿಲ್ಲ ರೀ," ಎಂದಳು ಹೆಂಡತಿ. "ನೀವು ನಿಲ್ಲಿಸಿದ ಆ ಕಾವಲುಗಾರ ನಿಮ್ಮ ಪೆಟ್ಟಿಗೆಯನ್ನೇ ಒಳಗೆ ಬಿಡಲಿಲ್ಲ. ಅಪ್ಪ ಬರೋ ಹೊತ್ತಾಯ್ತು, ನಿಮ್ಮ ಕಿರುಚಾಟ ಬೇರೆ ನೆನಪಾಯ್ತು. ಅದಕ್ಕೇ ಡಾಕ್ಟ್ರ ವೈಫೈಗೆ ಸೇರಿಸಿದ್ವಿ."

"ಅವರ ಪಾಸ್‌ವರ್ಡ್ ನಿಮಗೆ ಹೇಗೆ ಸಿಕ್ತು?"

"ನನ್ನ ಪಾಠ ಹಾಳಾಯ್ತಲ್ಲ, ಅವತ್ತೇ ಕೆಳಗೆ ಹೋಗಿ ಕೇಳ್ದೆ. ಅವರ ದವಾಖಾನೆಗೆ ಪರದೆ ಹೊಲಿದುಕೊಟ್ಟೋಳು ನಾನೇ ಅಲ್ವಾ? ಪಾಪ, ಕೇಳಿದ ತಕ್ಷಣ ಕೊಟ್ರು."

ಅಂದರೆ ಗುರುವಾರದಿಂದ ಇವರು ನಗುನಗುತ್ತ ಇದ್ದದ್ದು ಇದಕ್ಕೇ! ನಾನು ಕುರ್ಚಿಯಿಂದ ಇಳಿದೆ. "ಅವರ ವೈಫೈ ಎಲ್ಲಿಟ್ಟಿದ್ದಾರೆ?" ಎಂದು ಕೇಳಿದೆ. ಸೋತವನು ಗೆದ್ದವನ ವ್ಯೂಹವನ್ನಾದರೂ ತಿಳಿಯಬೇಡವೇ?

"ಫ್ರಿಜ್ ಮೇಲೆ. ಧೂಳು ಕೂರಬಾರದು ಅಂತ ಮೇಲೊಂದು ಟವೆಲ್ ಮುಚ್ಚಿದ್ದಾರೆ."

"ನನ್ನ ಪೆಟ್ಟಿಗೆಯ ಸಂಖ್ಯೆಯನ್ನ ನಾನು ಸರಿಯಾಗೇ ಕೊಟ್ಟಿದ್ದೆ!" ಎಂದು ಗುಡುಗಿದೆ. "ಎರಡು ಸಲ ತಾಳೆನೋಡಿದ್ದೆ!"

ಮಗಳು ಹಾಡಿನ ಪೆಟ್ಟಿಗೆಯ ತಳವನ್ನು ನನ್ನ ಮುಖಕ್ಕೆ ಹಿಡಿದಳು. ಹೆಂಡತಿ ತನ್ನ ಹೊಲಿಗೆಯ ಕನ್ನಡಕವನ್ನು ನನ್ನ ಮೂಗಿನ ಮೇಲೆ ಕೂರಿಸಿದಳು. "ಈಗ ಓದಿ," ಎಂದಳು, ನಾನು ಅಂಗಡಿಯಲ್ಲಿ ಹೇಳುವ ಧಾಟಿಯಲ್ಲೇ. ಆ ಅಲಂಕಾರದ ಗೆರೆ ನಿಧಾನವಾಗಿ ಬಿಡಿಬಿಡಿಯಾಗಿ ಅಕ್ಷರಗಳಾಯಿತು. ಮೇಲಿನ ಸಂಖ್ಯೆ ಪೆಟ್ಟಿಗೆಗೆ ತಂತಿ ಸಿಕ್ಕಿಸಿದಾಗ ಬಳಸುವುದಂತೆ. ಗಾಳಿಯ ಮೂಲಕ ಬಳಸುವಾಗ ಅದರ ಸಂಖ್ಯೆಯೇ ಬೇರೆ. ಅದು ಕೆಳಗಿನ ಸಾಲಿನಲ್ಲಿತ್ತು.

"ಕೊನೆ ಸಾಲು ಕಾಣಲ್ವಾ ನಿನಗೆ?" ಎಂದರು ಮಾವ. ಅದರಲ್ಲಿ ಕುಹಕವಿರಲಿಲ್ಲ, ಕರುಣೆಯಿತ್ತು. ಅದೇ ನನಗೆ ಹೆಚ್ಚು ಉರಿಯಿತು. ಅವರು ಎದ್ದು ಕರವಸ್ತ್ರ ಮಡಚಿ ಜೇಬಿಗಿಟ್ಟರು. "ನೀನೇ ಹೇಳಿ ನನ್ನ ಬಾಯಿಂದ ಒಪ್ಪಿಸಿದ್ದೀಯ. ದಾರಿ ಯಾರದೋ ಸ್ಪೀಕರು ಅವರಿಗೆ. ಗಾಡಿ ತಗೊಂಡು ಬಾ."

"ಮಾವ, ಅದು ಮಾತಿಗೆ..."

"ಕತ್ತರಿಸೋಕೆ ಆಗಲ್ಲ," ಎಂದರು. "ನೇರಪ್ರಸಾರ."

ದ್ವಾರಪಾಲಕರನ್ನು ಗಾಡಿಯಿಂದ ಇಳಿಸಿ ಡಾಕ್ಟರ ಕಾಯುವ ಕೋಣೆಗೆ ಹೊತ್ತವನು ನಾನೇ. ಭಾರವಾದ ತುದಿಯನ್ನು ನನಗೆ ಕೊಟ್ಟಿದ್ದರು.

ಒಂದು ವಾರ ಸಿಟ್ಟಿನಲ್ಲಿ ಹಾಡೇ ಕೇಳಲಿಲ್ಲ. ಸಂಜೆ ಅಂಗಡಿಯಿಂದ ಬಂದು ಮೆಟ್ಟಿಲು ಹತ್ತುವಾಗ ಕೆಳಮನೆಯ ಬಾಗಿಲ ಸಂದಿಯಿಂದ ಪಿಟೀಲು ಹರಿದು ಬರುತ್ತಿತ್ತು. ನಾನು ಆ ಮೆಟ್ಟಿಲಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ಹೊತ್ತು ದಿನದಿನಕ್ಕೆ ಉದ್ದವಾಗುತ್ತ ಹೋಯಿತು. ಕೊನೆಗೆ ನಿನ್ನೆ ತಡೆಯಲಾಗದೆ, ದವಡೆಗೆ ಕೈ ಹಿಡಿದುಕೊಂಡು ಒಳಗೆ ಹೋದೆ.

ಕಾಯುವ ಕೋಣೆ ತುಂಬಿತ್ತು. ಸ್ಪೀಕರುಗಳ ನಡುವಿನ ಅತ್ಯುತ್ತಮ ಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ಕರವಸ್ತ್ರ ಹರಡಿಕೊಂಡು ಕೂತಿದ್ದರು. ನಾನೂ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಎರಡು ನಿಮಿಷವೂ ಆಗಿರಲಿಲ್ಲ, ಡಾಕ್ಟರು ಹೊರಗೆ ಬಂದರು. "ಓಹೋ, ಮೇಲ್ಮನೆಯವರು! ನೀವು ಕಾಯೋದಾ? ಬನ್ನಿ, ನಿಮ್ಮನ್ನೇ ಮೊದಲು ನೋಡ್ತೀನಿ," ಎಂದರು.

"ಪರವಾಗಿಲ್ಲ, ನಾನು ಕಾಯ್ತೀನಿ..."

"ಛೇ ಛೇ, ಎಲ್ಲಾದರೂ ಉಂಟೇ!"

ತೋಳು ಹಿಡಿದು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಮಲಗಿಸಿದರು. ಯಾವ ಹಲ್ಲು ನೋಯುತ್ತದೆ ಎಂದು ಕೇಳಿದರು. ಅದನ್ನು ನಾನು ಇನ್ನೂ ಯೋಚಿಸಿರಲಿಲ್ಲ. ಬಾಯಿಗೆ ದೀಪ ಬಿಟ್ಟು ನೋಡಿ, "ಅಯ್ಯಯ್ಯೋ," ಎಂದರು. "ಎಲ್ಲಾ ದವಡೆ ಹಲ್ಲೂ ಸವೆದು ಚಪ್ಪಟೆಯಾಗಿವೆಯಲ್ರೀ! ಸಿಟ್ಟು ಬಂದಾಗ ಹಲ್ಲು ಕಡೀತೀರಾ?"

"ನನಗೆಲ್ಲಿ ಬರುತ್ತೆ ಸಿಟ್ಟು!" ಎಂದು ಕಿರುಚಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಹತ್ತಿ ತುರುಕಿದರು.

"ಸ್ವಲ್ಪ ದಿನ ಬಂದು ಹೋಗ್ತಿರಿ. ಎಲ್ಲಾನೂ ತುಂಬಿಸಿಬಿಡೋಣ," ಎಂದರು. ಹೊರಗೆ ಪಿಟೀಲು ಮೇಲಿನ ಸ್ವರದ ಹತ್ತಿರ ತಲುಪುತ್ತಿತ್ತು. ಬಂದು ಹೋಗಲು ನನ್ನ ಅಭ್ಯಂತರವೇನೂ ಇರಲಿಲ್ಲ. ಡಾಕ್ಟರು ಕೊರೆಯುವ ಯಂತ್ರ ಎತ್ತಿಕೊಂಡರು, ಏನೋ ನೆನಪಾದವರಂತೆ ನಿಂತರು.

"ನಿಮ್ಮಂಥ ಸಿಟ್ಟಿನವರಿಗೆ ಈ ಗಲಾಟೆ ಆಗಬಾರದು," ಎನ್ನುತ್ತ ಹೋಗಿ ಮಧ್ಯದ ಬಾಗಿಲನ್ನು ಭದ್ರವಾಗಿ ಮುಚ್ಚಿ, ನನ್ನ ಹೆಂಡತಿ ಹೊಲಿದ ದಪ್ಪನೆಯ ಪರದೆಯನ್ನೂ ಅದರ ಮೇಲೆ ಎಳೆದರು. ಒಂದು ಸ್ವರವೂ ಒಳಗೆ ಬರಲಿಲ್ಲ. ಒಳ್ಳೆಯ ಹೊಲಿಗೆ.

ನಾನು ಈ ಜನ್ಮದಲ್ಲಿ ಕಲಿತ ಬೈಗುಳವನ್ನೆಲ್ಲ, ಒಂದನ್ನೂ ಬಿಡದೆ, ಒಂದೇ ಉಸಿರಿನಲ್ಲಿ ಅವರ ಮುಖಕ್ಕೆ ಹೇಳಿದೆ. ಹತ್ತಿಯ ದೆಸೆಯಿಂದ ಅಷ್ಟೂ "ಆ... ಆ... ಆ..." ಎಂದಷ್ಟೇ ಹೊರಬಿತ್ತು.

"ಹಾಂ, ಹಾಗೇ," ಎಂದರು ಡಾಕ್ಟರು ಸಂತೋಷದಿಂದ. "ಇನ್ನೂ ಸ್ವಲ್ಪ ಅಗಲ."